ನಾಗವ್ವ ಉರ್ಫ್ ನಕಾಟೊ

ಮೊನ್ನೆ ಮಿರಗದ ಮಳಿ, ಅಂದ್ರ ಮೃಗಶಿರಾ ಮಳಿ, ಸುರು ಆಗೂ ಹೊತ್ತಿನ್ಯಾಗ ತವರಿಗೆ ಹೋಗಿದ್ನಿ, ಮಮದಾಪುರಕ್ಕ. ನಮ್ಮಣ್ಣ ಹಿತ್ತಲದಾಗ ದನದ ಮೇವಿಗೆ ಕಣಕಿ ಬಣವಿ ಒಟ್ಟಿ, ತೋಯಬಾರದಂತ ಮ್ಯಾಲೆ ಹಳೇ ಬ್ಯಾನರ್ ಹೊಚ್ಚಾಕತ್ತಿದ್ದ. ಎಲ್ಲಾ ನನ್ನ ಅಂಗಡಿಯವ. ಗೋಕಾಕದಾಗ ನಂದು, ನಮ್ಮ ಮನಿಯವರದು ಕೂಡಿ ಬ್ಯಾನರ್ ಪ್ರಿಂಟ್ ಮಾಡೋ ಅಂಗಡಿ ಐತಿ. ನಾ ಕಂಪ್ಯೂಟರಿನ ಮುಂದ, ಅವರು ಮಶೀನಿನ ಮುಂದ. ಕೆಟ್ಟ ಪ್ರಿಂಟು, ಗಿರಾಕಿ ಒಯ್ಯದ ಬಿಟ್ಟ ಪ್ರಿಂಟು, ಚುನಾವಣಿ ಮುಗದ ಮ್ಯಾಲೆ ಇಳಿಸಿದ್ದು, ಎಲ್ಲಾ ಕಟ್ಟಿ ಇಟ್ಟಿರತೇವಿ, ವರ್ಷಕ್ಕೊಮ್ಮೆ ಅಣ್ಣ ಬಂದು ಗಾಡಿ ಮ್ಯಾಲೆ ಹಾಕ್ಕೊಂಡು ಒಯ್ತಾನ. ಹಿಂಗಾಗಿ ನಮ್ಮ ಬಣವಿ ಮ್ಯಾಲೆ ಒಬ್ಬ ಪುಢಾರಿ ಕೈ ಮುಗಕೊಂಡು ಮಲಗಿರತಾನ, ಬಾಜೂಕ ಒಂದು ಕೂಸಿನ ಒಂದನೇ ಹುಟ್ಟಹಬ್ಬ ನಡದಿರತೈತಿ, ಯಾರದೋ ಅಜ್ಜ ತೀರಿಕೊಂಡು ಹಾರ ಹಾಕಿಸ್ಕೊಂಡು ಕುಂತಿರತಾನ. ಮಮದಾಪುರದ ದನಗಳಿಗೆ ಗೋಕಾಕದ ಮಂದಿ ಎಲ್ಲಾ ಗುರ್ತು ಅಂತ ನಾವು ಚ್ಯಾಷ್ಟಿ ಮಾಡತೇವಿ.

ಅಣ್ಣ ಇನ್ನೊಂದು ಸುರುಳಿ ಬಿಚ್ಚಿ ಝಾಡಿಸಿದ. ಒಳಗಿನ ಬಣ್ಣದ ವಾಸನಿ ಇನ್ನೂ ಹೋಗಿರಲಿಲ್ಲ, ಘಾಟು ಮೂಗಿಗೆ ಬಡೀತು. ತಲಿ ಕೆಳಗ ಮಾಡಿ ಹೊಚ್ಚಿದ. ಮೊದಲ ಹಸರ ಸೀರಿ ಕಂಡಿತು. ಆಮ್ಯಾಲೆ ಜೋಕಾಲಿ ಹಗ್ಗ ಹಿಡದ ಕರೇ ಕೈ, ಆಮ್ಯಾಲೆ ಹಲ್ಲು ಬಿಟ್ಟು ನಗೋ ಮಾರಿ. ಅಲ್ಲೇ ಕಟ್ಟಿ ಮ್ಯಾಲೆ ಕುಂತ್ನಿ.

"ಏ ಶೋಭಾ, ಈಕಿ ಯಾರಬೇ? ನಿನಗ ಗುರ್ತೇನ?" ಅಂತ ನಮ್ಮ ವೈನಿ, ಅಂದ್ರ ಅಣ್ಣನ ಹೆಂಡ್ತಿ, ಕೇಳಿದ್ಲು.

ಅದ ಮಾತು ಹಿಂದೊಮ್ಮೆ ಬ್ಯಾರೆಯವರು ನನಗ ಕೇಳಿದ್ರು. ಆವಾಗ ನಾ ಕೊಟ್ಟ ಉತ್ತರ ಇವತ್ತಿಗೂ ಮರತಿಲ್ಲ.

ಆ ಬ್ಯಾನರಿನ್ಯಾಗಿನಾಕಿ ನಮ್ಮ ಗೋಕಾಕಕ್ಕ ಬಂದದ್ದೂ ಇಂಥಾ ಮಿರಗದಾಗನ. ನಮ್ಮ ಓಣಿ ತುದಿಗೆ ಗಂಗವ್ವಾಯಿ ಅಂತ ಒಬ್ಬಾಕಿ ಮುದುಕಿ ಅದಾಳ. ಗಂಡ ಸತ್ತ ಮ್ಯಾಲೆ ಮನ್ಯಾಗನ ಕರದಂಟು ಮಾಡಿ, ಅಂಗಡಿಗಳಿಗೆ ಹಾಕಿ, ಮೂರು ಹೆಣ್ಮಕ್ಕಳನ್ನ ದಡಾ ಹಚ್ಚಿದಾಕಿ. ಕೊರಳಾಗ ಲಿಂಗ, ಹಣಿ ಮ್ಯಾಲೆ ಇಬತ್ತಿ, ಬಾಯಾಗ ಬೈಗುಳ, ಇವು ಮೂರೂ ಆಕಿನ್ನ ಬಿಟ್ಟಿರಂಗಿಲ್ಲ. ಆಕಿ ಮೊಮ್ಮಗಳು ಸವಿತಾ ದೊಡ್ಡ ಊರಾಗ ನರ್ಸ್ ಕಲಿಯಾಕ ಹೋಗಿದ್ಲು. ಆ ಕಾಲೇಜಿಗೆ ಮಾನ್ಯತಾನ ಇರಲಿಲ್ಲಂತ, ಒಂದು ದಿನ ಬಾಗಲಾ ಹಾಕಿಬಿಟ್ಟಿತು. ಸವಿತಾ ತನ್ನ ಪೆಟಗಿ ಹೊತ್ಕೊಂಡು ಮನಿಗೆ ಬಂದ್ಲು. ಆಕಿ ಬಾಜೂಕ ಕುಂತು ಕಲಿಯಾಕತ್ತಿದ್ದ ಯುಗಾಂಡಾದ ಹುಡಿಗಿಗೆ ಮನಿ ಭಾಳ ದೂರ ಇತ್ತು.

ಆ ಹುಡಿಗಿ ವೀಸಾ ಕಾಲೇಜಿನ ಹೆಸರಿನ ಮ್ಯಾಲೆ ಇತ್ತು. ಕಾಲೇಜ ಇಲ್ಲಂದ್ರ ವೀಸಾ ಎಲ್ಲೀದು? ಕರಕೊಂಡು ಬಂದ ಏಜೆಂಟ ಸರ್ಟಿಫಿಕೇಟು ಇಸ್ಕೊಂಡು ಮಾಯ ಆಗಿದ್ದ. ಎರಡು ವರ್ಷ ಆಕಿ ಆ ದೊಡ್ಡ ಊರಾಗ ತನ್ನ ದೇಶದ ಐದು ಹೆಣ್ಮಕ್ಕಳ ಸಂಗತಿ ಒಂದು ಖೋಲ್ಯಾಗ ಇದ್ಲು. ಅಲ್ಲಿ ಇದ್ದಾಗನ ಪಾಸ್‌ಪೋರ್ಟಿನ ಮುದತ್ತೂ ಮುಗೀತು. ಖೋಲಿ ಮಾಲಕ ಮನಸ್ಸಿಗೆ ಬಂದಾಗ ನೀರು ಬಂದ್ ಮಾಡ್ತಿದ್ನಂತ. ಯಾರಿಗೆ ಹೇಳೂದು? ಪೊಲೀಸರ ಕಡೆ ಹೋದ್ರ ಮೊದಲ ನಿಮ್ಮ ಕಾಗದ ತೋರಸ್ರಿ ಅಂತಾರ. ರಸ್ತಾದಾಗ ನಡದ್ರ ಮೋಟರ್ ಸೈಕಲ್ ಮ್ಯಾಲಿನ ಗಂಡಸರು ಬಾಜೂಕ ಬಂದು ಬಾಯಿಗೆ ಬಂದದ್ದು ಕೇಳ್ತಿದ್ರಂತ. ಒಮ್ಮೆ ಅವರೊಳಗ ಒಬ್ಬಾಕಿಗೆ ಜ್ವರ ನೆತ್ತಿಗೇರಿತು. ದವಾಖಾನಿಯವರು ಗುರ್ತಿನ ಚೀಟಿ ಕೇಳಿದ್ರು. ಚೀಟಿ ಇಲ್ಲ. ಹೊಳ್ಳಿ ಖೋಲಿಗೆ ಕರಕೊಂಡು ಬಂದು ತಲಿಗೆ ತಣ್ಣೀರ ಬಟ್ಟಿ ಹಾಕಿದ್ರು. ಮೂರನೇ ದಿನ ಆಕಿ ಸತ್ಲು. ಇದನ್ನ ಹೇಳುಮುಂದ ಮಾತ್ರ ಆ ಯುಗಾಂಡಾದ ಹುಡಿಗಿ ನನ್ನ ಮಾರಿ ನೋಡ್ತಿರಲಿಲ್ಲ.

ಆ ಸುದ್ದಿ ಕೇಳಿ ಸವಿತಾ ಹೋಗಿ ಆಕಿನ್ನ ಕರಕೊಂಡು ಬಂದ್ಲು. ಗಂಗವ್ವಾಯಿ ಬಾಗಲದಾಗ ನಿಂತು ಮ್ಯಾಲಿಂದ ಕೆಳಗ ನೋಡಿ, "ಉಂಡೀಯೇನ?" ಅಂದ್ಲಂತ. ಹೆಸರು ಕೇಳಿದ್ದು ರೊಟ್ಟಿ ತಿಂದ ಮ್ಯಾಲೆ. ನಕಾಟೊ, ಜವಳಿ ಮಕ್ಕಳಾಗ ಎರಡನೇಕಿ ಅಂತ ಅದರ ಅರ್ಥ. ಹಲ್ಲಿಲ್ಲದ ಆಯಿ ಬಾಯಾಗ ಅದು ಹೊಳ್ಳಲಿಲ್ಲ. "ಏನೋ ಒಂದು, ನಾಗವ್ವ ಅನ್ನೂನು" ಅಂದ್ಲು. ಹಂಗ ಆಕಿ ನಾಗವ್ವ ಆದ್ಲು.

ಕೆಲಸದಾಗ ಹುಲಿ. ಕರದಂಟಿನ ಅಂಟು ತುಪ್ಪದಾಗ ಕರಿಯೂದು ಕಸರತ್ತಿನ ಕೆಲಸ, ಬೆಂಕಿ ಒಂದೀಟ ಹೆಚ್ಚಾದ್ರ ಮ್ಯಾಲೆ ಕರಕಾಗಿ ಒಳಗ ಹಸೀ ಉಳೀತೈತಿ. ಮೊದಲನೇ ದಿನ ಆಕಿ ಅಂಟಿನ ಹರಳು ಕೈಯಾಗ ಹಿಡದು ಮೂಸಿ ನೋಡಿ ಕಣ್ಣಾಗ ನೀರು ತಗದ್ಲಂತ. ಅವರ ದೇಶದ ಬಡಗಣ ಸೀಮಿಯೊಳಗೂ ಜಾಲಿಗಿಡದಿಂದ ಇಂಥಾ ಅಂಟು ತಗೀತಾರಂತ, ಸಣ್ಣಾಕಿದ್ದಾಗ ಅವರವ್ವ ಸಂತಿಯಿಂದ ತರ್ತಿದ್ಲಂತ. ಗಂಗವ್ವಾಯಿ ಅಂದ್ಲು, "ನೋಡು, ನಮ್ಮ ಬೀಗರ ಊರಾಂದನ ಅನ್ನು." ಒಂದು ತಿಂಗಳದಾಗ ಆಕಿ ಕನ್ನಡ ಕಲತ್ಲು. ಬೈಗುಳ ಮೊದಲ ಬಂದ್ವು, ಮಾತು ಆಮ್ಯಾಲೆ.

ಮಧ್ಯಾಹ್ನ ಕರದಂಟು ಆರಾಕ ಬಿಟ್ಟಾಗ ನಾಗವ್ವ ಹಿಂದಿನ ಸಂದ್ಯಾಗಿಂದ ನನ್ನ ಅಂಗಡಿಗೆ ಬರ್ತಿದ್ಲು. ಮುಂದಿನ ರಸ್ತಾಕ್ಕ ಯಾವತ್ತೂ ಕಾಲಿಡತಿರಲಿಲ್ಲ. ಹಗ್ಗ ಕಟ್ಟಾಕ ಬ್ಯಾನರಿನ ಮೂಲಿಗೆ ಹಿತ್ತಾಳಿ ಉಂಗುರ ಬಡೀತೀವಲ್ಲ, ಅದನ್ನ ನನಗಿಂತ ನೀಟ ಬಡೀತಿದ್ಲು. ಒಂದಿನ ಕೇಳಿದ್ಲು, "ಅಕ್ಕಾ, ಇವರೆಲ್ಲಾ ದೊಡ್ಡ ಮಂದಿಯೇನ್ರಿ?"

"ಹೋಗಽ, ಎಲ್ಲೀ ದೊಡ್ಡ ಮಂದಿ! ಈತ ಟೆಂಪೋ ಹೊಡೀತಾನ. ಇಂವಾ ಏನೂ ಮಾಡಂಗಿಲ್ಲ, ಅವರಪ್ಪಂದು ಹೊಲ ಐತಿ."

"ಮತ್ತ ಯಾಕ ಮಾರಿ ಹಾಕಸ್ತಾರ?"

"ನಾ ಅದೇನಿ ಅಂತ ಊರಿಗೆ ಗೊತ್ತಾಗಬೇಕಲ್ಲ."

ಆಕಿ ಎರಡು ಉಂಗುರ ಬಡದು ಆಮ್ಯಾಲೆ ಅಂದ್ಲು, "ನಾ ಇಲ್ಲ ಅಂತ ಊರಿಗೆ ಗೊತ್ತಾಗಬೇಕು ನನಗ."

ಅದಕ್ಕ ಕಾರಣ ಇತ್ತು. ಡೆಲ್ಲಿಯೊಳಗಿನ ಅವರ ದೇಶದ ಕಚೇರಿಗೆ ಹೊಸಾ ಪಾಸ್‌ಪೋರ್ಟಿಗೆ ಬರದು ಹಾಕಿದ್ಲು. ಅದು ಕೈಗೆ ಬಂದ್ರ ತಾನಾಗೇ ಅರ್ಜಿ ಕೊಟ್ಟು, ದಂಡ ಕಟ್ಟಿ, ನೆಟ್ಟಗ ವಿಮಾನ ಹತ್ತಬಹುದಂತ ತಿಳದವರು ಹೇಳಿದ್ರು. ಅದಕ್ಕಿಂತ ಮೊದಲ ಸಿಕ್ಕಬಿದ್ಲಂದ್ರ ಎಲ್ಲಿ ಕೂಡಿ ಹಾಕ್ತಾರೋ, ಎಷ್ಟು ತಿಂಗಳೋ, ಯಾರಿಗೂ ಗೊತ್ತಿಲ್ಲ. ಊರಾಗ ಅವರವ್ವ ಹಾಸಿಗಿ ಹಿಡದಿದ್ಲು. ಜವಳಿ ಅಕ್ಕ ದಿನಾ ಮೊಬೈಲಿನ್ಯಾಗ ಅವ್ವನ ದನಿ ಕಳಿಸ್ತಿದ್ಲು. ನಮಗ ಮಾತು ತಿಳೀತಿರಲಿಲ್ಲ, ಕೆಮ್ಮು ಮಾತ್ರ ತಿಳೀತಿತ್ತು. "ಅವ್ವ ಕಣ್ಣು ಮುಚ್ಚೂದ್ರಾಗ ನಾ ಮಾರಿ ತೋರಿಸಬೇಕಕ್ಕಾ. ಕಳ್ಳಿ ಹಂಗ ಹಿಡಕೊಂಡು ಒಯ್ದು ಅಲ್ಲ, ನನ್ನ ಕಾಲಿಲೆ ನಡಕೊಂತ ಹೋಗಬೇಕು" ಅಂತಿದ್ಲು. ಇದು ನನಗ ಪೂರಾ ಗೊತ್ತಿತ್ತು. ಗೊತ್ತಿರಲಿಲ್ಲ ಅಂತ ಹೇಳಾಕ ನನಗ ದಾರಿ ಇಲ್ಲ.

ಓಣಿ ಮಂದಿಗೆ ಏನು ಹೇಳೂದು? ಆ ಉಪಾಯ ನಂದ. ಖಾನಾಪುರದ ಅಡವಿ ಕಡೆ, ಹಳಿಯಾಳ ಕಡೆ ಸಿದ್ದಿ ಮಂದಿ ಇದ್ದಾರಲ್ಲ. ಯಾವದೋ ಕಾಲದಾಗ ಆಫ್ರಿಕಾದಿಂದ ಬಂದು ನಮ್ಮವರ ಆಗಿ, ಕನ್ನಡ, ಮರಾಠಿ, ಕೊಂಕಣಿ ಮಾತಾಡಿಕೊಂಡು ಇರೋ ಮಂದಿ. "ಖಾನಾಪುರ ಕಡೆ ಸಿದ್ದಿ ಹುಡಿಗಿ, ಆಯಿ ಕೆಲಸಕ್ಕ ಇಟ್ಕೊಂಡಾಳ" ಅಂತ ಹಬ್ಬಿಸಿದ್ನಿ. ಎಲ್ಲಾರೂ ಹೌದಾ ಅಂದು ಸುಮ್ಮನಾದ್ರು.

ಆಷಾಢದಾಗ ಆಕಿಗೂ ಜ್ವರ ಬಂತು. ಸತ್ತ ಗೆಳತಿ ನೆನಪಾಗಿ, ದವಾಖಾನಿ ಅಂದಕೂಡಲೇ ಗ್ವಾಡಿ ಕಡೆ ಮಾರಿ ಮಾಡಿ ಮಲಗಿಬಿಟ್ಲು. ಹುಕ್ಕೇರಿಯೊಳಗ ನನ್ನ ನಾದಿನಿ ನರ್ಸ್ ಅದಾಳ, ಮನ್ಯಾಗನ ನೋಡ್ತಾಳ ಅಂತ ರಮಿಸಿ, ತಲಿ ತುಂಬ ಸೆರಗು ಹೊಚ್ಚಿ ಬಸ್ಸಿಗೆ ಹತ್ತಿಸಿದ್ನಿ. ಹೆಣ್ಮಕ್ಕಳಿಗೆ ಬಸ್ ಪುಕ್ಕಟ ಆಗಿತ್ತಲ್ಲ, ಕಂಡಕ್ಟರ್ ಎಲ್ಲಾರ ಆಧಾರ ನೋಡಿಕೊಂತ ಬಂದ. ಆಕಿ ಕಡೆ ಎಲ್ಲೀ ಆಧಾರ? "ಮರತು ಬಂದಾಳ್ರಿ, ಟಿಕೀಟ್ ಕೊಡ್ರಿ" ಅಂದ್ನಿ. ಇಡೀ ಬಸ್ಸಿನ್ಯಾಗ ರೊಕ್ಕಾ ಕೊಟ್ಟು ಟಿಕೀಟ್ ತಗಸಿದ ಹೆಣ್ಣು ಆಕಿ ಒಬ್ಬಾಕಿನ. ಮುಂದಿನವರು ಹಿಂದಿನವರು ಹೊಳ್ಳಿ ಹೊಳ್ಳಿ ನೋಡಿದ್ರು. "ಯಾವೂರಬೇ ಈಕಿದು?" ಅಂತ ಒಬ್ಬಾಕಿ ಮುದುಕಿ ಕೇಳಿದ್ಲು. "ನಮ್ಮ ಖಾನಾಪುರದ ಸಿದ್ದಿ ಮಂದಿ ಆಯಿ" ಅಂದ್ನಿ. ನಾಗವ್ವ ಜ್ವರದಾಗ ನಡುಗಿಕೊಂತ ನನ್ನ ಕೈ ಒತ್ತಿ ಹಿಡದಿದ್ಲು. ಆ ಟಿಕೀಟ್ ಆಕಿ ಒಗೀಲಿಲ್ಲ, ಕುಬಸದಾಗ ಇಟ್ಕೊಂಡ್ಲು. "ಈ ದೇಶದಾಗ ನಾ ಕಾಯ್ದೆಶೀರ ಮಾಡಿದ್ದು ಇದೊಂದ ಅಕ್ಕಾ" ಅಂದ್ಲು, ಜ್ವರ ಇಳದ ಮ್ಯಾಲೆ. ಬಿದ್ದು ಬಿದ್ದು ನಕ್ಕಿವಿ.

ಶ್ರಾವಣ ಬಂತು, ನಾಗರ ಪಂಚಮಿ ಬಂತು. ನಮ್ಮ ಕಡೆ ಹೆಣ್ಮಕ್ಕಳಿಗೆ ಪಂಚಮಿ ಅಂದ್ರ ತವರಿನ ಹಬ್ಬ. ಗಂಗವ್ವಾಯಿ ಮೂವರೂ ಮಕ್ಕಳು ಬಂದ್ರು. ಅಳ್ಳು, ತಂಬಿಟ್ಟು, ಐದು ನಮೂನಿ ಉಂಡಿ. ಆಯಿ ಮೂರು ಸೀರಿ ತಂದಿರತಾಳ ಅಂತ ಮಕ್ಕಳು ತಿಳದಿದ್ರು, ನಾಕು ತಂದಿದ್ಲು. ನಾಕನೇದು ಹಸರು ಇಳಕಲ್ಲು, ನಾಗವ್ವಗ. ಬಳಿಗಾರನ ಮುಂದ ಕುಂಡ್ರಿಸಿ ಕೈ ತುಂಬ ಬಳಿ ಇಡಿಸಿದ್ಲು. ಬಳಿಗಾರ ಹಸ್ತ ಒತ್ತಿ ಒತ್ತಿ ಸೋತ, ಆಕಿ ಹಸ್ತ ಅಷ್ಟು ಗಟ್ಟಿ. ಹಿತ್ತಲದ ಬೇವಿನ ಗಿಡಕ್ಕ ಕಟ್ಟಿದ ಜೋಕಾಲಿ ಮ್ಯಾಲೆ ಏರಿಸಿ ನಾವು ಐದಾರು ಮಂದಿ ತೂಗಿದ್ವಿ. ಮೊದಲ ಅಂಜಿದ್ಲು, ಆಮ್ಯಾಲೆ ಕಿರಿಚಿ ನಕ್ಲು. ಆವಾಗ ನಾ ಮೊಬೈಲಿನ್ಯಾಗ ಫೋಟೋ ತಗದ್ನಿ. ಎಂಥಾ ಫೋಟೋ ಬಿದ್ದಿತ್ತಂದ್ರ, ಎರಡು ತಿಂಗಳು ಮುಚ್ಚಿಕೊಂಡಿದ್ದ ಮಾರಿ ಅವತ್ತ ಪೂರಾ ತಗದಿತ್ತು.

ಪಂಚಮಿ ಆಗಿ ನಾಕು ದಿನಕ್ಕ ಸುದ್ದಿ ಬಂತು. ಪಾಸ್‌ಪೋರ್ಟ್ ಡೆಲ್ಲಿಯಿಂದ ಕೊರಿಯರಿನ್ಯಾಗ ಹೊಂಟೈತಿ, ಗಂಗವ್ವಾಯಿ ಮನಿ ಪತ್ತೆಕ್ಕ. ನಾಗವ್ವ ಆಯಿನ್ನ ಎತ್ತಿ ತಿರುಗಿಸಿದ್ಲು. "ಬಿಡಽ, ಎಲಬು ಮುರೀತಾವ!" ಅಂತ ಆಯಿ ಬೈಕೊಂತ ಅಳಾಕತ್ತಿದ್ಲು. ಅಲ್ಲೇ ಠರಾವು ಆತು, ಮಗಳು ತವರಿಗೆ ಹೊಂಟಾಳ, ಉಡಿ ತುಂಬಿ ಕಳಸೂದು.

ಉಡಿ ತುಂಬು ಕಾರ್ಯಕ್ರಮಕ್ಕ ಬ್ಯಾನರ್ ಬೇಕಲ್ಲ. ನಮ್ಮ ಕಡೆ ಬ್ಯಾನರ್ ಇಲ್ಲದ ಕೂಸಿಗೆ ಹೆಸರೂ ಇಡಂಗಿಲ್ಲ. ಮನಿ ಒಳಗಿನ ಗ್ವಾಡಿಗೆ ಕಟ್ಟಾಕ, ಹೊರಗಿನವರಿಗಲ್ಲ. ಆಯಿ ಕಡೆ ಕರದಂಟು ಮಾಡಾಕ ಬರೋ ಐದೂ ಹೆಣ್ಮಕ್ಕಳು ಹುಟ್ಟಿದಾಗಿಂದ ಬ್ಯಾನರಿನ್ಯಾಗ ಬಂದಿಲ್ಲ. ಪೌಡರ್ ಬಡಕೊಂಡು, ಒಬ್ಬಾಕಿ ಕಿವ್ಯಾಗಿನ ಟೊಪ್ಪು ಇನ್ನೊಬ್ಬಾಕಿ ಹಾಕ್ಕೊಂಡು, ಫೋಟೋಕ್ಕ ನಿಂತ್ರು. ಆಯಿ, "ನಿಂದೂ ಹಾಕ್ಕೋ ಶೋಭಿ" ಅಂದ್ಲು. "ಜಾಗಾ ಇಲ್ಲ ಬಿಡ ಆಯಿ" ಅಂದ್ನಿ. ಎಷ್ಟೋ ವರ್ಷದ ರೂಢಿ, ಊರ ಮಾರಿ ಎಲ್ಲಾ ಹಾಕ್ತೇನಿ, ನಂದು ಹಾಕ್ಕೊಳ್ಳಂಗಿಲ್ಲ.

ಎರಡು ದಿನ ಕುಂತು ಮಾಡಿದ್ನಿ. ನನ್ನ ಜನ್ಮದಾಗ ಅಂಥಾ ಚೆಂದನ ಬ್ಯಾನರ್ ಮಾಡಿಲ್ಲ. ನಡುವ ಜೋಕಾಲಿ ಫೋಟೋ, ಬಾಜೂಕ ಆಯಿ ಮತ್ತ ಐದೂ ಹೆಣ್ಮಕ್ಕಳು, ಸುತ್ತ ಬೇವಿನ ಎಲಿ. ಹೆಸರು ಬರಿಯೂ ಹೊತ್ತಿನ್ಯಾಗ ಕೈ ತಡೀತು. ಬರೇ ನಾಗವ್ವ ಅಂತ ಬರಿಯೂದು? ಎರಡು ತಿಂಗಳು ಆ ಹುಡಿಗಿ ಹೆಸರು ಮುಚ್ಚಿ, ದೇಶ ಮುಚ್ಚಿ, ಸಿದ್ದಿ ಅಂತ ಸುಳ್ಳು ಹೇಳಿ ಇಟ್ಟೀವಿ. ಹೋಗುಮುಂದರೆ ಆಕಿ ಹೆಸರು ಆಕಿಗೆ ಕೊಡೂನು ಅನ್ನಿಸಿತು. ದೊಡ್ಡ ಅಕ್ಷರದಾಗ "ನಾಗವ್ವ ಉರ್ಫ್ ನಕಾಟೊ" ಅಂತ ಬರದು, ಕೆಳಗ "ಯುಗಾಂಡಾ ದೇಶದ ಮಗಳಿಗೆ ಗೋಕಾಕದ ತವರಿನಿಂದ" ಅಂತ ಹಾಕಿ, ಮೂಲ್ಯಾಗ ಅವರ ಬಾವುಟ ಇಟ್ನಿ. ಕರೇದು, ಹಳದಿ, ಕೆಂಪು ಪಟ್ಟಿ, ನಡುವ ಕೊಕ್ಕರಿಯಂಥಾ ಹಕ್ಕಿ.

ಕೂಸು ಹುಟ್ಟೂಕಿಂತ ಮೊದಲ ಕುಲಾಯಿ ಹೊಲಿಸಿದ್ರು ಅಂತಾರಲ್ಲ, ಹಂಗ ಆತು. ನಮ್ಮೂರಾಗ ಹೇಳಿಕೊಳ್ಳುವಂಥಾ ಮಳಿನ ಇರಲಿಲ್ಲ, ಮ್ಯಾಲಿನ ಗುಡ್ಡದಾಗ ಸುರುವಿತ್ತು. ಘಟಪ್ರಭಾ ತುಂಬಿ ಸೇತುವಿ ಮ್ಯಾಲೆ ಹರೀತು, ಬೆಳಗಾವಿ ಕಡೆ ರಸ್ತಾ ಬಂದ್ ಆತು. ಕೊರಿಯರ್ ಬೆಳಗಾವಿಯೊಳಗ ನಿಂತೈತಿ, ನೀರು ಇಳದ ಮ್ಯಾಲೆ ಬರ್ತೈತಿ ಅಂತ ಫೋನಿನ್ಯಾಗ ಹೇಳಿದ್ರು. ನಾಗವ್ವ ಮುಂಜಾನಿ ಸಂಜಿ ಮಾಳಗಿ ಏರಿ ಹೊಳಿ ನೋಡ್ತಿದ್ಲು.

ಹವಾ ಥಂಡಿ ಇದ್ರ ಬ್ಯಾನರಿನ ಬಣ್ಣ ಒಣಗೂದಿಲ್ಲ. ಹಸಿ ಇದ್ದಾಗ ಸುತ್ತಿದ್ರ ಮಾರಿಗೆ ಮಾರಿ ಅಂಟಿ ಹಾಳಾಗ್ತೈತಿ. ದಿನಾ ಮಾಡೋ ಕೆಲಸ, ವಿಚಾರ ಮಾಡಿ ಮಾಡೂದಲ್ಲ. ಮಶೀನಿನಿಂದ ತಗದ್ನಿ, ಅಂಗಡಿ ಮುಂದಿನ ತಗಡಿನ ಕೆಳಗ ಗಾಳಿಗೆ ತೂಗಹಾಕಿದ್ನಿ. ನನ್ನ ಕೈಲೆ, ಹಾಡಹಗಲೆ, ರಸ್ತಾಕ್ಕ ಮಾರಿ ಮಾಡಿ. ಹಾಕಿ ಎರಡು ಹೆಜ್ಜಿ ಹಿಂದ ನಿಂತು ನೋಡಿ, ಬೇಶ್ ಆಗೈತಿ ಅಂತ ನನಗ ನಾನ ಅಂದ್ಕೊಂಡ್ನಿ. ಎಷ್ಟು ಹುಚ್ಚು ಇರಬೇಕು ನನಗ! ಮೂಡಲಗಿಯಿಂದ ಬಂದಿದ್ದ ಒಬ್ಬ ಗಿರಾಕಿ ತನ್ನ ಮಗನ ಹುಟ್ಟಹಬ್ಬದ ಬ್ಯಾನರ್ ಒಯ್ಯುಮುಂದ ಅದರ ಫೋಟೋ ಹೊಡಕೊಂಡ. "ಭಾರಿ ಮಾಡೀರಿ ಅಕ್ಕಾರ" ಅಂದ. ನಾ ಹಿಗ್ಗಿದ್ನಿ. ಆ ಮನಿಷಾಗ ಕೆಟ್ಟ ಬುದ್ಧಿ ಇರಲಿಲ್ಲ. ನಮ್ಮ ಗೋಕಾಕದ ಮಂದಿ ಎಷ್ಟು ದೊಡ್ಡ ಮನಸ್ಸಿನವರು ನೋಡ್ರಿ ಅಂತ ಬರದು ಸ್ಟೇಟಸ್ ಇಟ್ಟಿದ್ದ. ಸಂಜಿಮಟ ಅದು ಮೂಡಲಗಿ, ಹುಕ್ಕೇರಿ, ಎಲ್ಲಾ ಊರಿನ ಗ್ರೂಪಿನ್ಯಾಗ ತಿರಗ್ಯಾಡಿತು. ಯಾರೋ ಕೆಳಗ ಬರದ್ರಂತ, ಈಕಿ ಕಡೆ ಕಾಗದ ಅದಾವೇನು ವಿಚಾರಸ್ರಿ ಅಂತ.

ನನಗ ಇದ್ಯಾವದೂ ಗೊತ್ತಿಲ್ಲ. ಮರುದಿನ ಮಧ್ಯಾಹ್ನ ನಮ್ಮ ಮನಿಯವರು ಬ್ಯಾನರ್ ಕಟ್ಟಾಕ ಕಲ್ಲೋಳಿಗೆ ಹೋಗಿದ್ರು. ಜಿಟಿಜಿಟಿ ಮಳಿ ಹತ್ತಿತ್ತು. ಆಕಿಗೆ ಕಾಣಬಾರದಂತ ಒಣಗಿದ ಬ್ಯಾನರ್ ಸುತ್ತಿ ಮೇಜಿನ ಕೆಳಗ ಇಟ್ಟಿದ್ನಿ. ನಾಗವ್ವ ಯಾವತ್ತಿನಂಗ ಹಿಂದಿನ ಬಾಗಲದಿಂದ ಬಂದು, ಪರದೆ ಹಿಂದ ಕುಂತು ಉಂಗುರ ಬಡಿಯಾಕತ್ತಿದ್ಲು. ಮುಂದ ಜೀಪು ನಿಂತಿತು. ಒಬ್ಬ ಸಾಹೇಬ, ಒಬ್ಬಾಕಿ ಮಹಿಳಾ ಪೊಲೀಸು ಒಳಗ ಬಂದ್ರು. ಸಾಹೇಬ ಮೊಬೈಲ್ ನನ್ನ ಮುಂದ ಹಿಡದ.

"ಇದು ನಿಮ್ಮ ಅಂಗಡ್ಯಾಂದೇನ್ರಿ?"

"ಹೌದ್ರಿ."

"ಈಕಿ ಯಾರು? ನಿಮಗ ಗುರ್ತೇನು?"

ಪರದೆ ಹಿಂದ ಸುತ್ತಿಗಿ ಸಪ್ಪಳ ನಿಂತಿತು.

"ಇಲ್ರಿ ಸರ" ಅಂದ್ನಿ. "ಗಿರಾಕಿ ಫೋಟೋ ಕಳಿಸ್ತಾರ, ನಾವು ಪ್ರಿಂಟ್ ಹೊಡದು ಕೊಡತೇವಿ. ಆಕಿ ಯಾರೋ ಏನೋ, ನನಗೇನು ಸಂಬಂಧ್ರಿ?"

ಅಷ್ಟಕ್ಕ ಬಾಯಿ ಮುಚ್ಚಿದ್ರ, ಆಕಿನ್ನ ಉಳಸಾಕ ಸುಳ್ಳು ಹೇಳಿದ್ನಿ ಅಂತ ಇವತ್ತ ಎದಿ ಮ್ಯಾಲೆ ಕೈ ಇಟ್ಟು ಹೇಳ್ತಿದ್ನಿ. ಆದ್ರ ಸಾಹೇಬ, "ನೋಡ್ರಿ, ಇಂಥವರಿಗೆ ಆಸರ ಕೊಟ್ಟವರ ಮ್ಯಾಲೂ ಕೇಸ್ ಆಗ್ತೈತಿ. ಅಂಗಡಿಗೂ ಬೀಗ ಬೀಳ್ತೈತಿ" ಅಂದ. ಅವರು ಕೇಳದಿದ್ದ ಮಾತು ನನ್ನ ಬಾಯಿಂದ ಬಂತು. "ಬ್ಯಾನರಿನ್ಯಾಗ ಗಂಗವ್ವಾಯಿ ಫೋಟೋ ಐತ್ರಿ. ಓಣಿ ತುದಿಗೆ ಮನಿ. ಅವರನ್ನ ಕೇಳ್ರಿ, ನನಗ ಗೊತ್ತಿಲ್ಲ."

ಮಾತು ಆಡಿದ್ರ ಹೋತು, ಮುತ್ತು ಒಡದ್ರ ಹೋತು.

ಪರದೆ ಸರದು ನಾಗವ್ವ ಹೊರಗ ಬಂದ್ಲು. ಕೈಯಾಗ ಇನ್ನೂ ಒಂದು ಹಿತ್ತಾಳಿ ಉಂಗುರ ಇತ್ತು. "ಸರ, ಅದು ನಾನ ರಿ" ಅಂದ್ಲು. ಮಹಿಳಾ ಪೊಲೀಸು ಗಾಬರಿ ಆಗಿ ನನ್ನ ನೋಡಿದ್ಲು. "ಗೊತ್ತಿಲ್ಲಂದ್ರಲ್ರಿ? ನಿಮ್ಮ ಅಂಗಡಿ ಒಳಗನ ಅದಾಳ!"

ಮಾತಾಡಿದಾಕಿ ನಾಗವ್ವ. ಅಪ್ಪಟ ನಮ್ಮ ಓಣಿ ಕನ್ನಡದಾಗ ಹೇಳಿದ್ಲು, "ಈ ಅಕ್ಕಾರು ಯಾರೋ ನನಗ ಗುರ್ತಿಲ್ರಿ. ಮಳಿ ಬಂತಂತ ಹಿಂದಿನ ಬಾಗಲದಿಂದ ಬಂದು ನಿಂತಿದ್ನಿರಿ. ಅವರು ನನ್ನ ನೋಡಿಲ್ರಿ."

ಸಾಹೇಬ ನಂಬಿದ್ನೋ, ನಂಬಿದಂಗ ಮಾಡಿದ್ನೋ ಗೊತ್ತಿಲ್ಲ. ಮೇಜಿನ ಕೆಳಗಿನ ಬ್ಯಾನರ್ ತಗಸಿ ಬಿಚ್ಚಿ ನೋಡಿದ. ಆಕಿ ಅದನ್ನ ಮೊದಲನೇ ಸಲ ನೋಡಿದ್ದು ಆವಾಗ. ಕನ್ನಡ ಓದಾಕ ಬರ್ತಿರಲಿಲ್ಲ, ಆದ್ರ ಬಾವುಟದ ಗುರ್ತು ಹಿಡದ್ಲು. ಆ ಹಕ್ಕಿ ಮ್ಯಾಲೆ ಬೆರಳ ಇಟ್ಟು ಸವರಿದ್ಲು. ನನ್ನ ಕಡೆ ನೋಡಲಿಲ್ಲ. ಹೊರಗ ಹೋಗಿ ಜೀಪು ಹತ್ತಿದ್ಲು.

ಗಂಗವ್ವಾಯಿ ಮನಿಗೆ ಹೋದಾಗ ಆಯಿ ಏನಂದ್ಲು ಗೊತ್ತೇನು? "ಹೌದು, ನನ್ನ ಮನ್ಯಾಗನ ಇದ್ಲು. ನಾನ ಇಟ್ಕೊಂಡೇನಿ, ನಾನ ಉಣ್ಣಾಕ ಹಾಕೇನಿ. ಬರಕೊಳ್ರಿ. ನನ್ನ ಹೆಸರು ಗಂಗವ್ವ." ಓದು ಬಾರದ ಎಪ್ಪತ್ತು ವರ್ಷದ ಮುದುಕಿ. ಆಮ್ಯಾಲೆ ಕೋರ್ಟು ಕಚೇರಿ ಅಂತ ಎಷ್ಟೋ ಸಲ ತಿರಗ್ಯಾಡಿದ್ಲು. ನನ್ನ ಹೆಸರು ಯಾವ ಕಾಗದದಾಗೂ ಬರಲಿಲ್ಲ.

ಮರುದಿನ ಮುಂಜಾನಿ ಆಕಿನ್ನ ಸುತ್ತಿನ ದಾರಿಲೆ ಮುಂದಕ್ಕ ಕಳಸ್ತಾರ ಅಂತ ಸುದ್ದಿ ಬಂತು. ಆಯಿ ಹೊಸ ಖಣ, ಅಕ್ಕಿ, ಕೊಬ್ಬರಿ ಬಟ್ಲ, ಬೆಲ್ಲ, ಅರಿಷಿಣ ಕೊನಿ ಎಲ್ಲಾ ಬುಟ್ಯಾಗ ಇಟ್ಕೊಂಡು, ಐದೂ ಹೆಣ್ಮಕ್ಕಳನ್ನ ಕರಕೊಂಡು ಸ್ಟೇಶನ್ನಿಗೆ ನಡದ್ಲು. ಮಹಿಳಾ ಪೊಲೀಸು ಒಂದೀಟ ಹೊತ್ತು ಆಚೆ ಕಡೆ ಮಾರಿ ಮಾಡಿ ನಿಂತ್ಲು, ಆಕಿನೂ ಯಾರದೋ ಮಗಳು. ಜೀಪಿನ ಬಾಜೂಕ, ರಾಡಿಯೊಳಗ ನಿಂತು ಉಡಿ ತುಂಬಿದ್ರು. ನಾ ರಸ್ತಾದ ಈಚೆ ಕಡೆ, ಚಾ ಅಂಗಡಿ ತಟ್ಟಿ ಕೆಳಗ ಛತ್ರಿ ಹಿಡಕೊಂಡು ನಿಂತಿದ್ನಿ. ದಾಟಿದ್ರ ಇಪ್ಪತ್ತು ಹೆಜ್ಜಿ. ನಾ ದಾಟಲಿಲ್ಲ.

ಉಡಿ ಹಿಡಕೊಂಡು ನಾಗವ್ವ ತಲಿ ಎತ್ತಿದ್ಲು. ನನ್ನ ನೋಡಿದ್ಲು. ಬಾಜೂಕ ಸಾಹೇಬ ನಿಂತಿದ್ದ. ಆಕಿ ಕಣ್ಣು ನನ್ನ ಮ್ಯಾಲಿಂದ ಹಾದು, ಛತ್ರಿ, ಚಾ ಅಂಗಡಿ, ಬಸ್ಸು, ಎಲ್ಲಾದರ ಮ್ಯಾಲೆ ಹಂಗ ಹೋತು. ಅಂಗಡ್ಯಾಗ ಆಡಿದ ಮಾತು ಉಳಿಸ್ಕೊಂಡ್ಲು. ಗುರ್ತಿಲ್ಲದಾಕಿ ಹಂಗ ಮಾರಿ ತಿರುವಿ ಜೀಪು ಹತ್ತಿದ್ಲು.

ಮೂರನೇ ದಿನಕ್ಕ ನೀರು ಇಳೀತು, ರಸ್ತಾ ಬಿಟ್ರು. ಕೊರಿಯರಿನಾಂವ ಬಂದು ಗಂಗವ್ವಾಯಿ ಕಡಿಂದ ಹೆಬ್ಬಟ್ಟು ಒತ್ತಿಸ್ಕೊಂಡು ಲಕೋಟಿ ಕೊಟ್ಟು ಹೋದ. ಒಳಗ ಹೊಸಾ ಪಾಸ್‌ಪೋರ್ಟ್, ಇನ್ನೂ ಪುಟಾ ಬಿಚ್ಚಿರಲಿಲ್ಲ. ಆಯಿ ಅದನ್ನ ಸ್ಟೇಶನ್ನಿಗೆ ಒಯ್ದು ಕೊಟ್ಲು. ನೋಡತೇವಿ, ಮುಂದಕ್ಕ ಕಳಸ್ತೇವಿ ಅಂದ್ರು. ಪರದೇಶದವರನ್ನ ಇಡೋ ಜಾಗಾದಾಗ ಆಕಿನ್ನ ಎಷ್ಟೋ ತಿಂಗಳು ಇಟ್ರು. ದಸರಾ ಹೊತ್ತಿಗೆ ಆಕಿ ಜವಳಿ ಅಕ್ಕ ಸವಿತಾನ ಮೊಬೈಲಿಗೆ ಸುದ್ದಿ ಕಳಿಸಿದ್ಲು, ಅವ್ವ ಹೋದ್ಲು ಅಂತ. ನಾಗವ್ವ ಮನಿ ಮುಟ್ಟಿದ್ದು ಆಮ್ಯಾಲೆ, ಮುಂದಿನ ಬ್ಯಾಸಗಿಗೆ.

ಮುಟ್ಟಿದ ಮ್ಯಾಲೆ ಒಮ್ಮೆ ಆಯಿಗೆ ದನಿ ಕಳಿಸಿದ್ಲಂತ. ಕರದಂಟಿನ ಸುದ್ದಿ, ಮಳಿ ಸುದ್ದಿ ಕೇಳಿ ಕಡೀಕ, "ಶೋಭಕ್ಕ ಆರಾಮ ಅದಾಳೇನು? ಅಂಗಡಿಗೆ ಏನೂ ಆಗಲಿಲ್ಲಲ್ಲ?" ಅಂತ ಕೇಳಿದ್ಲಂತ. ಸವಿತಾ ನನಗ ಕೇಳಸಾಕ ಬಂದ್ಲು. ಕೆಲಸ ಐತಿ, ಆಮ್ಯಾಲೆ ಕೇಳ್ತೇನಿ ಅಂದ್ನಿ. ಇನ್ನೂ ಕೇಳಿಲ್ಲ. ಬ್ಯಾನರ್ ಮಾತ್ರ ಪೊಲೀಸರು ಕಡೀಕ ಹೊಳ್ಳಿ ಕೊಟ್ಟಿದ್ರು, ನಾ ಅದನ್ನ ಬಿಚ್ಚಲಿಲ್ಲ, ಅಟ್ಟದ ಮ್ಯಾಲೆ ಒಗದಿದ್ನಿ. ಹಳೇವರ ಸಂಗತಿ ಕಟ್ಟಿ ನಮ್ಮ ಮನಿಯವರು ಅಣ್ಣಗ ಕೊಟ್ಟಿರಬೇಕು.

ವೈನಿ ಚಾ ತಂದು ಕೈಯಾಗ ಕೊಟ್ಲು. "ಏನಾತಬೇ ನಿನಗ? ಗುರ್ತಿನಾಕಿಯೇನ ಅಂತ ಕೇಳಿದ್ನಿ."

"ಹೌದು ವೈನಿ" ಅಂದ್ನಿ. "ಆಕಿ ಹೆಸರು ನಕಾಟೊ. ನಮ್ಮ ಗಂಗವ್ವಾಯಿ ಮಗಳು. ನನಗ ತಂಗಿ ಆಗಬೇಕು."

ಅಂದು ಮುಗಿಸಿದ್ನಿ. ಯಾರೂ ಕೇಸು ಹಾಕಲಿಲ್ಲ. ವೈನಿ ಹೌದಾ ಅಂದು ಬಟ್ಲಾ ತಗೊಂಡು ಒಳಗ ಹೋದ್ಲು. ಇಷ್ಟು ಸರಳ ಇತ್ತು ಹೇಳೂದು.

ಬಡಗಣ ಕಡಿಂದ ಮಾಡ ಏರಿ ಬಂತು. "ಅಣ್ಣಾ, ಅದನ್ನ ತಿರುವಿ ಹಾಕೋ" ಅಂದ್ನಿ. "ಮಾರಿ ಒಳಗ ಬರಲಿ."

"ಯಾಕ, ಹೆಂಗ ಹಾಕಿದ್ರೂ ನೀರು ನಿಲ್ತೈತಲ್ಲ?"

"ತಿರುವಿ ಹಾಕಪಾ. ಒಮ್ಮೆ ರಸ್ತಾಕ್ಕ ಮಾರಿ ಮಾಡಿದ್ದ ಸಾಕು. ಯಾರೂ ನೋಡಬಾರದು."

ಅಣ್ಣ ನನ್ನ ಮಾರಿ ನೋಡಿ ನಿಚ್ಚಣಿಕಿ ಏರಿದ. ನಾ ಕೆಳಗಿನ ಚುಂಗು ಹಿಡದು ಜಗ್ಗಿದ್ನಿ, ಹಿತ್ತಾಳಿ ಉಂಗುರಕ್ಕ ಹಗ್ಗ ಹಾಕಿ ಕಟ್ಟಿದ್ನಿ. ಆಕಿ ಕಣಕಿ ಕಡೆ ಮಾರಿ ಮಾಡಿ ಒಳಗ ಹೋದ್ಲು, ಮ್ಯಾಲೆ ಬ್ಯಾನರಿನ ಬಿಳೇ ಬೆನ್ನು ಉಳೀತು. ಹನಿ ಬೀಳಾಕ ಸುರು ಆದ್ವು.